ಕೆಂಚಿಗೆ ಹೇಳಿದ ಮಾತು

ನಮ್ಮ ಮನೆಯಲ್ಲಿ ಮಾತು ಬಿಟ್ಟವರೇ ಹೆಚ್ಚು ಮಾತಾಡುತ್ತಾರೆ. ಇದನ್ನು ಹೊರಗಿನವರಿಗೆ ತಿಳಿಯಹೇಳುವುದು ಕಷ್ಟ. ಬೇರೆ ಮನೆಗಳಲ್ಲಿ ಮುನಿಸು ಬಂದರೆ ಬಾಯಿಗೆ ಬೀಗ ಬೀಳುತ್ತದೆ. ನಮ್ಮಲ್ಲಿ ಮುಖ ಮಾತ್ರ ಆ ಕಡೆ ತಿರುಗುತ್ತದೆ. ತಿರುಗಿದ ಕಡೆ ಒಂದು ಕುರಿ ಕಟ್ಟಿರುತ್ತದೆ. ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳಿದರಾಯಿತು.

ಸೇಲಂ ಹತ್ತಿರದ ನಮ್ಮ ಮೇಚೇರಿ ಸುತ್ತಿನ ಕುರಿಗಳು ಕೆಂಚು ಬಣ್ಣದವು. ನಮ್ಮ ಬಾಗಿಲಲ್ಲಿ ಅಂಥದ್ದೊಂದು ಯಾವಾಗಲೂ ಇರುತ್ತಿತ್ತು, ಅದರ ಹೆಸರು ಕೆಂಚಿ. ಎಷ್ಟೋ ಕುರಿಗಳು ಬಂದುಹೋದವು, ಹೆಸರು ಮಾತ್ರ ಬದಲಾಗಲಿಲ್ಲ. ಅಪ್ಪನಿಗೂ ಅವ್ವನಿಗೂ ಜಗಳವಾದ ದಿನ ಅವ್ವ ತಟ್ಟೆ ಇಟ್ಟು, "ಏ ಕೆಂಚಿ, ಮುದ್ದೆ ಆರೋಯ್ತೈತೆ, ಉಣ್ಣೋರು ಬಂದು ಉಣ್ಬೋದು ಅಂತ ಏಳು" ಅನ್ನುತ್ತಿದ್ದಳು. ಅಪ್ಪ ಬಂದು ಕೂತು ನಾಲ್ಕು ತುತ್ತು ಉಂಡ ಮೇಲೆ, "ಸಾರ್ಗೆ ಉಪ್ಪು ಕಮ್ಮಿ ಅಂತ ಏಳು ಕೆಂಚಿ" ಅನ್ನುತ್ತಿದ್ದ. ಕೆಂಚಿ ಇಬ್ಬರನ್ನೂ ನೋಡಿ ಮೆಲುಕು ಹಾಕುತ್ತಿತ್ತು.

ಹಳೆಯ ಕಾಲದ ಕವಿಗಳು ಮೋಡ, ಹಂಸ, ಗಿಳಿಗಳ ಕೈಯಲ್ಲಿ ಸಂದೇಶ ಕಳಿಸಿದರೆಂದು ಕೇಳಿದ್ದೇನೆ. ಪಾಪ, ಅವರಿಗೆ ದೂರದೇಶದಲ್ಲಿದ್ದವರಿಗೆ ಸುದ್ದಿ ಮುಟ್ಟಿಸುವ ಕಷ್ಟವಷ್ಟೇ ಗೊತ್ತಿತ್ತು. ಒಂದೇ ಜಗಲಿಯ ಮೇಲೆ ಪಕ್ಕದಲ್ಲಿ ಕೂತವರಿಗೆ ಮುಟ್ಟಿಸುವುದು ಅದಕ್ಕಿಂತ ಕಷ್ಟ. ಹಂಸವಾದರೆ ದಾರಿಯಲ್ಲಿ ಎಲ್ಲಾದರೂ ಮೈಮರೆತೀತು. ಕುರಿ ನಿಂತಲ್ಲಿಂದ ಅಲುಗುವುದೂ ಇಲ್ಲ, ಸುದ್ದಿ ತಪ್ಪುವುದೂ ಇಲ್ಲ.

ಇದನ್ನೀಗ ನಗುತ್ತಾ ಬರೆಯುತ್ತಿದ್ದೇನೆ. ಹುಡುಗಿಯಾಗಿದ್ದಾಗ ನಗು ಬರುತ್ತಿರಲಿಲ್ಲ. ಓದಲಿಕ್ಕೆಂದು ನಾನು ಸೇಲಂ ಹಾಸ್ಟೆಲಿಗೆ ಹೊರಟೆ. ಅಪ್ಪನಿಗೆ ಅದು ಇಷ್ಟವಿರಲಿಲ್ಲ. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರೆ, ಅಪ್ಪ ಕುರಿಯ ಬೆನ್ನು ಸವರುತ್ತಾ, "ಇನ್ಮೇಲೆ ನಿಂಗೆ ನೀರಿಡೋರು ಯಾರೇ ಕೆಂಚಿ?" ಅಂದ. ಬಸ್ಸು ಬರುವವರೆಗೂ ಒಂದು ಮಾತಿಗಾಗಿ ಕಾದೆ. ನನ್ನ ಮುಖ ನೋಡಿ, ನನ್ನ ಹೆಸರು ಹಿಡಿದು ಹೇಳಿದ ಒಂದೇ ಒಂದು ಮಾತು ಸಾಕಿತ್ತು. ಬೈಗುಳವಾದರೂ ಆಗುತ್ತಿತ್ತು. ಅವತ್ತಿನಿಂದ ಆ ಕುರಿಯ ಮೇಲೆ ನನಗೆ ಹೊಟ್ಟೆಕಿಚ್ಚು.

ಹಾಗಾಗಿ ನಾನು ನೇರಮಾತಿನವಳಾದೆ. ಸೇಲಂನಲ್ಲಿ ಶಾಲೆಯ ಟೀಚರಮ್ಮ ನಾನು. ಮಕ್ಕಳ ಅಪ್ಪ ಅಮ್ಮಂದಿರ ಮೀಟಿಂಗಿನಲ್ಲಿ ಎದ್ದು ನಿಂತು, ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಿ, ಮುಖ ನೋಡಿ ಮಾತಾಡಿ ಎಂದು ಭಾಷಣ ಬಿಗಿಯುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ. ನನ್ನ ಗಂಡ ಮಾತ್ರ, ನಿನ್ನ ನೇರಮಾತಿಗಿಂತ ನಿಮ್ಮಪ್ಪನ ಕುರಿಯೇ ವಾಸಿ ಅನ್ನುತ್ತಾನೆ.

ಈ ನೇರಮಾತೇ ಹೋದ ವರ್ಷ ನನ್ನ ಗ್ರಹಚಾರ ಕೆಡಿಸಿತು. ಅಪ್ಪ ಒಂದು ಸಂಜೆ ಪಕ್ಕದ ಮನೆಯವರ ಕುರಿಯನ್ನು ತನ್ನದೆಂದು ಹೊಡೆದುಕೊಂಡು ಬಂದ. ಕೆಂಚಿಯನ್ನು ಹೊಲದಲ್ಲೇ ಬಿಟ್ಟಿದ್ದ, ನನ್ನ ತಮ್ಮ ಹೋಗಿ ತಂದು ಕಟ್ಟಿದ. ಸಂತೆಯ ಹಿಂಡಿನಲ್ಲಿ ತನ್ನ ಕುರಿಯನ್ನು ಕಿವಿ ನೋಡಿಯೇ ಗುರುತಿಸುತ್ತಿದ್ದ ಮನುಷ್ಯ! ಊರಿಗೆ ಹೋಗಿದ್ದ ನಾನು, "ಅಪ್ಪಾ, ನಿನ್ ಕಣ್ಣು ಮಂಜಾಗೈತೆ, ಡಾಕ್ಟ್ರಿಗೆ ತೋರುಸ್ಬೇಕು" ಅಂದೆ. ಅಪ್ಪ ಮಾತು ಬಿಟ್ಟ. ನನ್ನ ಜೊತೆ, ಅಂದರೆ ಕುರಿಯ ಜೊತೆ ಶುರುಮಾಡಿದ.

"ಕೆಂಚಿ, ಟೌನೋರ್ದು ಊಟ ಆಯ್ತಾ ಕೇಳು."

"ಆಯ್ತು ಅಂತ ಏಳು ಕೆಂಚಿ. ಆಸ್ಪತ್ರೆಗೆ ಯಾವಾಗ ಬತ್ತಾರಂತೆ ಕೇಳು." ನಾನೂ ಬಿಡಲಿಲ್ಲ.

"ಕುರಿ ಗುರ್ತು ಸಿಗ್ದೋನು ಆಸ್ಪತ್ರೆಗೋಗಿ ಏನ್ಮಾಡ್ತಾನೆ ಅಂತ ಏಳು."

ಅವನಿಗೆ ನೋವಾದದ್ದು ಎಲ್ಲಿ ಎಂದು ಆಗ ತಿಳಿಯಿತು. ಆದರೆ ತಿಳಿದರೆ ಸಾಲದಲ್ಲ. ಆಮೇಲೆ ಊರಿಗೆ ಬಂದ ಕಣ್ಣಿನ ಶಿಬಿರಕ್ಕೆ ತಮ್ಮ ಹೇಗೋ ಪುಸಲಾಯಿಸಿ ಕರೆದೊಯ್ದ. ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಕಣ್ಣಿಗೇ ಅಪಾಯ, ಸೇಲಂಗೆ ಹೋಗಿ ಆಪರೇಷನ್ ಮಾಡಿಸಿ ಎಂದರು ಅಲ್ಲಿನ ಡಾಕ್ಟರು. ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವನು ಕುರುಡನಾಗಿಬಿಡುತ್ತಾನೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಕೊನೆಗೆ ಅವ್ವ ಎದ್ದಳು. ಕುರಿಗೆ ಸೊಪ್ಪು ಹಾಕುತ್ತಾ, "ಕೆಂಚಿ, ಈ ಮನುಸ ಕಣ್ ಕಾಣ್ದೆ ನಿನ್ನ ಇನ್ನೊಂದ್ ದಪ ಹೊಲ್ದಲ್ಲಿ ಬುಟ್ಬುಟ್ಟು ಬಂದ್ರೆ, ನಾಯಿ ಬಾಯ್ಗೆ ಓಯ್ತೀಯ ನೋಡ್ಕೊ" ಅಂದಳು. ಅಪ್ಪ ಎದ್ದು ಒಳಗೆ ಹೋಗಿ ಒಗೆದ ಪಂಚೆ ಹುಡುಕತೊಡಗಿದ.

ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ, ತಲೆಗೆ ಟೋಪಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ನರ್ಸಮ್ಮ ಕಣ್ಣಿಗೆ ಹನಿ ಹಾಕುತ್ತಿದ್ದಳು. ಕುರಿ ಕಾಯ್ದು ಕಾಯ್ದು ಕಪ್ಪಾದ ಕಾಲುಗಳು ಆ ಅಂಗಿಯ ಕೆಳಗೆ ಕಡ್ಡಿಯ ಹಾಗೆ ಕಂಡವು. ನನ್ನ ಅಪ್ಪ ಇಷ್ಟು ಸಣ್ಣವನಾದದ್ದು ಯಾವಾಗ? ಅಪ್ಪ ಅತ್ತ ಇತ್ತ ತಡಕಾಡಿದ. ಮಾತು ಹೇಳಲಿಕ್ಕೆ ಅಲ್ಲಿ ಯಾವ ಕೆಂಚಿಯೂ ಇರಲಿಲ್ಲ. ಕೊನೆಗೆ ನನ್ನ ಕೈ ಸಿಕ್ಕಿತು.

"ಭಯ ಆಯ್ತೈತೆ ಕಣವ್ವ," ಅಂದ.

ನೇರವಾಗಿ ನನಗೇ ಹೇಳಿದ. ಹಾಸ್ಟೆಲಿಗೆ ಹೊರಟ ಹುಡುಗಿ ಕಾದಿದ್ದ ಮಾತು ಈಗ, ತಲೆ ನರೆತ ಮೇಲೆ ಬಂದಿತ್ತು. ಮೀಟಿಂಗಿನ ಭಾಷಣವೊಂದೂ ನೆನಪಾಗಲಿಲ್ಲ. ಅಪ್ಪನ ಮುಖ ನೋಡಲಾಗಲಿಲ್ಲ. ನರ್ಸಮ್ಮನ ಕಡೆ ತಿರುಗಿ ತಮಿಳಿನಲ್ಲಿ, "ಸಿಸ್ಟರ್, ನಾನು ಇಲ್ಲೇ ಇರ್ತೀನಿ, ಎಲ್ಲಿಗೂ ಹೋಗಲ್ಲ ಅಂತ ಇವರಿಗೆ ಹೇಳಿ" ಅಂದೆ.

ಆಕೆ ಹನಿಯ ಬಾಟಲಿ ಹಿಡಿದವಳು ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. "ಪಕ್ಕತ್ತುಲ ತಾನೇ ಇರುಕ್ಕಾರು, ನೀಂಗಳೇ ಸೊಲ್ಲುಂಗಮ್ಮಾ," ಅಂದಳು. ಪಕ್ಕದಲ್ಲೇ ಇದ್ದಾರಲ್ಲ, ನೀವೇ ಹೇಳಿ ಎಂದು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಅದುಮಿದ.

"ಕೇಳುಸ್ತು ಬುಡು," ಅಂದ.