ರಾಕೆಟ್ಟಿನವರ ಆಯ

ಎಮ್ಮಿಗನೂರಿನ ಕಮ್ಮಾರ ಎರ್ರೆಪ್ಪನ ಹೊಟ್ಟೆ ಹೊರೆದದ್ದು ಕುಲುಮೆ, ಹುಚ್ಚು ಹಿಡಿಸಿದ್ದು ರಾಕೆಟ್ಟು. ಕುಲುಮೆಯ ಪಕ್ಕ ರೇಡಿಯೊ ಇಟ್ಟುಕೊಂಡು, ನೇಗಿಲ ಕುಡ ಹಣಿಸಲು, ಅಂದರೆ ಕಾಯಿಸಿ ಬಡಿಸಿ ಮೊನೆ ಮಾಡಿಸಲು, ಬಂದವರಿಗೆಲ್ಲ ಚಂದ್ರಲೋಕದ ಸುದ್ದಿ ಹೇಳುವನು.

"ಅಲ್ಲಿ ಭತ್ತ ಬೆಳಿತೈತೇನೋ ಎರ್ರೆಪ್ಪ? ಕಾಲುವಿ ನೀರು ಅಲ್ಲಿಗೂ ಬಿಡಸು!" ಎಂದು ಜನ ನಗುವರು. ಅವನೂ ನಗುವನು.

೧೯೮೮ರಲ್ಲಿ ನಮ್ಮ ರಾಕೆಟ್ಟು ಎರಡನೇ ಸಲವೂ ಸಮುದ್ರಕ್ಕೆ ಬಿದ್ದಾಗ ಮಾತ್ರ ಅವನಿಗೆ ನಗು ಬರಲಿಲ್ಲ. ಎಂಪಿ ಸಾಹೇಬರು ಕಂಪ್ಲಿಯ ಸಭೆಯಲ್ಲಿ, ಈ ದಂಡದ ಖರ್ಚು ನಿಲ್ಲಿಸಿರೆಂದು ದಿಲ್ಲಿಯಲ್ಲಿ ಕೇಳುತ್ತೇನೆ ಎಂದುಬಿಟ್ಟಿದ್ದರು. ಸುಗ್ಗಿಯಲ್ಲಿ ಅವರು ಎಮ್ಮಿಗನೂರಿಗೂ ಬರುವವರಿದ್ದರು. "ದೇಶದ ಮಾನದ ಪ್ರಶ್ನೆರೀ, ಅವರಿಗೆ ಒಂದು ಮಾತು ಹೇಳ್ರಿ" ಎಂದು ಎರ್ರೆಪ್ಪ ಮನೆಮನೆ ತಿರುಗಿದ. ಯಾರೂ ಹೂಂ ಅನ್ನಲಿಲ್ಲ.

ಕೊನೆಗೆ ಗಾಳೆಮ್ಮನ ಕಣಕ್ಕೆ ಹೋದ. ಊರಿಗೆ ಟ್ರ್ಯಾಕ್ಟರು ಬಂದಮೇಲೂ ಕಮ್ಮಾರನ ಆಯ, ಅಂದರೆ ವರ್ಷದ ದುಡಿಮೆಗೆ ರಾಶಿಯಲ್ಲಿ ಅಳೆದುಕೊಡುವ ಪಾಲು, ನಿಲ್ಲಿಸದ ಮುದುಕಿ ಆಕೆ. ಆ ಪಾಲಿನಿಂದಲೇ ಎರ್ರೆಪ್ಪನ ಮಕ್ಕಳು ಅನ್ನ ಉಂಡಿದ್ದರು.

"ಮಾನಾ ಗೀನಾ ನನಗ ತಿಳಿಯಂಗಿಲ್ಲೋ. ಹೋದ ವಾರ ಚಂಡಮಾರುತ ಬರ್ತೈತಿ ಅಂತ ಓಡಿಬಂದ್ಯಲ್ಲ, ಅದು ನಿನಗ ಹೆಂಗ ಗೊತ್ತಾತು?"

"ರೇಡಿಯೊದಾಗ ಬಂತವ್ವಾ. ಈ ರಾಕೆಟ್ಟಿನೋರದ ಉಪಗ್ರಹ ಮ್ಯಾಲಿಂದ ಮೋಡದ ಫೋಟೊ ಕಳಸ್ತೈತಿ."

"ಅದನ್ನ ಹೇಳೂದು ಬಿಟ್ಟು ಚಂದ್ರನ್ನ ಹಿಡಕೊಂಡು ಅಡ್ಡಾಡ್ತಿಯಲ್ಲೋ ಹುಚ್ಚಪ್ಪ! ಆವತ್ತು ಮುಚ್ಚದಿದ್ರ ರಾಶಿ ಎಲ್ಲ ಮೊಳಕಿ ಒಡಿತಿತ್ತು."

ಸಾಹೇಬರ ಜೀಪು ಕಣದ ಮುಂದೆ ನಿಂತಾಗ ಗಾಳೆಮ್ಮ ಅರ್ಧ ಚೀಲ ಭತ್ತ ತಂದಿಟ್ಟಳು. "ಇದು ರಾಕೆಟ್ಟಿನೋರ ಆಯ. ದಿಲ್ಲಿಗೆ ಹೊಂಟೀರಿ, ಮುಟ್ಟಿಸ್ರಿ."

ಸಾಹೇಬರು ನಕ್ಕರು. "ಅವರ ರಾಕೆಟ್ಟು ಬಿದ್ದುಹೋತಲ್ಲಮ್ಮಾ!"

"ಇವ ಹಣಿದ ಕುಡನೂ ಮುರಿತಾವ್ರಿ. ಮುರಿದ ವರ್ಷ ಆಯ ನಿಲ್ಲಿಸಿದ್ರ, ಮುಂದಿನ ವರ್ಷ ಹಣಿಯೋರು ಯಾರು? ಅವರು ಸುದ್ದಿ ಕೊಟ್ಟಿದ್ದಕ್ಕ ಈ ಕಾಳು ಉಳದೈತಿ."

"ನಮ್ಮ ರಾಶಿನೂ ಉಳೀತ್ರಿ" ಎಂದು ಪಕ್ಕದ ಕಣದ ಪಾಲಪ್ಪ ಒಂದು ಮೊರ ಭತ್ತ ತಂದು ಸುರಿದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಚೀಲ ತುಂಬಿತು. ಸಾಹೇಬರು ಸುತ್ತ ನೆರೆದ ಮತದಾರರ ಮುಖ ನೋಡಿದರು.

"ಆತಮ್ಮಾ. ಅವರ ದುಡ್ಡಿಗೆ ನಾನು ಕೈ ಹಾಕಂಗಿಲ್ಲ."

"ಬಾಯಿನೂ ಹಾಕಬ್ಯಾಡ್ರಿ."

ಜನವೆಲ್ಲ ಹೋ ಎಂದಿತು. ಸಾಹೇಬರೂ ನಗಲೇಬೇಕಾಯಿತು. ಚೀಲ ಹೊತ್ತ ಜೀಪು ಕಾಲುವೆ ಏರಿಯ ಮೇಲೆ ಮರೆಯಾಗುತ್ತಲೇ ಎರ್ರೆಪ್ಪ ಗಾಳೆಮ್ಮನ ಕಾಲಿಗೆ ಬಿದ್ದ.

"ಏಳೋ, ಏಳು. ನಿನ್ನ ಪಾಲು ಇನ್ನಾ ಅಳಿಬೇಕು, ಚೀಲ ಹಿಡಿ ಬಾ."