ಸರೋಜಿನಿ ಮೇಡಮ್ಮಿನ ಹೆಪ್ಪು

ಬೆಳಿಗ್ಗೆ ಪ್ರಯೋಗಾಲಯಕ್ಕೆ ಬಂದ ಕೂಡಲೇ ಸರೋಜಿನಿ ಮೇಡಮ್ ಮೊದಲು ಮಾತನಾಡಿಸುತ್ತಿದ್ದುದು ನಮ್ಮನ್ನಲ್ಲ, ರೋಬೋಟನ್ನು. “ಎಂತಾ, ಮಕ್ಕಳಿಗೆ ಊಟ ಆಯ್ತಾ?” ಗಾಜಿನ ಪೆಟ್ಟಿಗೆಯೊಳಗೆ ಅದರ ಒಂಟಿ ಕೈ ತನ್ನ ಪಾಡಿಗೆ ಓಡಾಡುತ್ತಿರುತ್ತಿತ್ತು. ಮೇಡಮ್ಮಿಗೆ ಅದೇ ಉತ್ತರ.

ಮಕ್ಕಳೆಂದರೆ ಜೀವಕೋಶಗಳು. ಸಾಗರದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಮಂಗನ ಕಾಯಿಲೆಯ ಔಷಧಿ ಪರೀಕ್ಷಿಸಲು ಅವನ್ನು ಬೆಳೆಸುತ್ತಿದ್ದೆವು. ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕುವುದು, ತಟ್ಟೆ ತುಂಬಿದರೆ ಬೇರೆ ತಟ್ಟೆಗಳಿಗೆ ಹಂಚುವುದು, ಎಲ್ಲ ಆ ಕೈಯ ಕೆಲಸ. ಅದು ಬರುವ ಮೊದಲು ಭಾನುವಾರ, ಹಬ್ಬ ಏನೂ ಇರಲಿಲ್ಲ. “ನನ್ನ ತಂಗಿ ಮದುವೆ ಊಟ ತಪ್ಪಿಸಿದ್ದು ಈ ಮಕ್ಕಳೇ” ಎಂದು ಮೇಡಮ್ ನಗುತ್ತಿದ್ದರು. ನಿಟ್ಟೂರಿನವರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು.

ಕೋಶಗಳು ಚೆನ್ನಾಗಿ ಬೆಳೆದಾಗಲೆಲ್ಲ ಒಂದು ಕೊಳವೆ ತುಂಬಿಸಿ, ಹೆಪ್ಪುಗಟ್ಟಿಸಿ, ತೀರ್ಥಹಳ್ಳಿಯ ಕಾಲೇಜಿಗೆ ಇಟ್ಟುಕೊಳ್ಳಲು ಕಳಿಸುವುದು ಅವರ ಹಟ. ನನಗೋ ಅದು ಬೇಡದ ಉಸಾಬರಿ. “ಹೆಪ್ಪು ಕಣೆ ಮಾರಾಯ್ತಿ. ನಮ್ಮನೆ ಮೊಸರು ಕೆಟ್ಟ ದಿನ ಆಚೆಮನೆಯಿಂದ ತರಬೇಕಲ್ಲ, ಅದಕ್ಕೆ ಮೊದ್ಲೇ ಕೊಟ್ಟಿರ್ಬೇಕು” ಎನ್ನುತ್ತಿದ್ದರು.

ರೋಬೋಟನ್ನು ನಮಗೆ ಕೊಟ್ಟಿದ್ದು ಪರೀಕ್ಷಾರ್ಥವಾಗಿ. ನವರಾತ್ರಿ ಕಳೆದ ಮೇಲೆ ಔಷಧಿಯ ಪರೀಕ್ಷೆ. ಅದಕ್ಕೆ ಬೇಕಾದ ಕೋಶಗಳನ್ನು ಬೆಳೆಸಿಕೊಟ್ಟರೆ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ವಾಪಸ್. ಅಷ್ಟರಲ್ಲಿ ಆಯುಧಪೂಜೆ ಬಂತು. ಮೇಡಮ್ ಫ್ರಿಜ್ಜಿಗೆ, ಸೂಕ್ಷ್ಮದರ್ಶಕಕ್ಕೆ, ನನ್ನ ಸ್ಕೂಟರಿಗೆ ಹೂವಿಟ್ಟು ಗಾಜಿನ ಪೆಟ್ಟಿಗೆಯ ಮುಂದೆ ನಿಂತರು.

“ಒಳಗೆ ಹೂವಾ ಮೇಡಮ್?”

“ಎಲ್ಲರಿಗೂ ಇಟ್ಟು ದುಡಿಯೋನಿಗೇ ಇಡದೆ ಇರಕ್ಕಾಗ್ತದಾ? ಸ್ಪಿರಿಟಲ್ಲಿ ಒರೆಸಿದೀನಿ ಬಿಡು.”

ಬಾಗಿಲು ತೆಗೆದು, ಆ ಕೈಗೆ ಒಂದು ಸೇವಂತಿಗೆ ಸಿಕ್ಕಿಸಿ, ಕೈಮುಗಿದು, ಹೂವನ್ನು ಹೊರಗೆ ತೆಗೆದರು. ಅಷ್ಟೇ.

ಹಬ್ಬ ಮುಗಿಸಿ ಬಂದರೆ ತಟ್ಟೆಗಳ ತುಂಬ ಬೂಷ್ಟು. ಹೂವಿನಿಂದ ಅಂಟಿದ್ದನ್ನು ಪಾಪದ ರೋಬೋಟ್ ಬಹಳ ಶಿಸ್ತಿನಿಂದ, ಒಂದು ತಟ್ಟೆಯನ್ನೂ ಬಿಡದೆ ಹಂಚಿತ್ತು. ಮೇಡಮ್ಮಿನ ಮುಖ ಸಣ್ಣದಾಯಿತು. “ನನ್ನ ಭಕ್ತಿಗಿಷ್ಟು ಬೆಂಕಿ ಹಾಕ” ಎಂದು ಸೆರಗು ಸಿಕ್ಕಿಸಿದರು. “ಏಳು, ತೀರ್ಥಹಳ್ಳಿಗೆ ಹೋಗಣ.”

ಬರುವಾಗ ಬಸ್ಸಿನಲ್ಲಿ ನಮ್ಮ ಕೊಳವೆಯಿದ್ದ ತಣ್ಣನೆಯ ನೈಟ್ರೋಜನ್ ಕ್ಯಾನು ಅವರ ಕಾಲ ನಡುವೆ. ಕಂಡಕ್ಟರ್ ಬಗ್ಗಿ ನೋಡಿದ. “ಹಾಲಾ ಅಮ್ಮಾ?”

“ಹೆಪ್ಪು ಮಾರಾಯ. ನಿಧಾನ ಬಿಡಕ್ಕೆ ಹೇಳು.”

ಪೆಟ್ಟಿಗೆಯನ್ನು ಮೂಲೆಮೂಲೆ ಶುದ್ಧ ಮಾಡಿ, ಆ ಕೋಶಗಳನ್ನು ಮತ್ತೆ ರೋಬೋಟಿಗೆ ಒಪ್ಪಿಸಿದೆವು. ಅವು ಬದುಕಿದವು. ತಟ್ಟೆಯ ತಳದಲ್ಲಿ ಹಬ್ಬುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಮೇಡಮ್ ಖುಷಿಗೆ ನನ್ನ ಬೆನ್ನಿಗೆ ಕೊಟ್ಟ ಗುದ್ದು ಇನ್ನೂ ನೆನಪಿದೆ. ಪರೀಕ್ಷೆ ತುಸು ತಡವಾಗಿ ನಡೆಯಿತು. ರೋಬೋಟ್ ಉಳಿಯಿತು. ಅಷ್ಟು ಸಂತೋಷದಿಂದ ನಾನು ಇನ್ಯಾವತ್ತೂ ಮನೆಗೆ ಹೋಗಿಲ್ಲ.

ಹೋದ ವರ್ಷ ಅವರು ನಿವೃತ್ತರಾದರು. ಸಭೆಯಲ್ಲಿ ಹಾಕಿದ ಸೇವಂತಿಗೆ ಹಾರದಲ್ಲೇ ರೋಬೋಟಿಗೆ ಹೇಳಿ ಹೋಗಲು ಬಂದವರು ಬಾಗಿಲಲ್ಲಿ ಗಕ್ಕನೆ ನಿಂತು, ಹಾರ ತೆಗೆದು ಹೊರಗಿನ ಮೊಳೆಗೆ ತೂಗುಹಾಕಿ, ಕೈತೊಳೆದು ಒಳಗೆ ಬಂದರು. ಅದರ ಕೈ ಓಡಾಡುವುದನ್ನು ನೋಡುತ್ತಾ ನನ್ನನ್ನು ಕೇಳಿದರು: “ಹೆಪ್ಪು ಎಲ್ಲೆಲ್ಲಿ ಇಟ್ಟಿದೀಯ?”

“ತೀರ್ಥಹಳ್ಳೀಲಿ ಒಂದು, ಹೊಸನಗರದಲ್ಲಿ ಒಂದು ಮೇಡಮ್.”

“ಹಂಗಾರೆ ನಾನು ಹೊರಡಬಹುದು.”

ಹೊರಟೇಬಿಟ್ಟರು. ಹಾರ ಮರೆತಿದ್ದರು. ಈಗ ಆಯುಧಪೂಜೆಯ ದಿನ ರೋಬೋಟಿನ ಹೂವನ್ನು ಆ ಮೊಳೆಗೇ ಹಾಕುತ್ತೇವೆ.