ಮಂಚದ ಕೆಳಗಿನ ಪ್ರೊಪೆಲ್ಲರ್

ಬೆಹಾಲಾದ ನಮ್ಮ ಬೀದಿಯ ತುದಿಯಲ್ಲಿ ಪೂಜೆಯ ಪೆಂಡಾಲಿನ ಕೆಲಸ ಮುಗಿಯುತ್ತ ಬಂದಿದೆ. ಬೆಳಿಗ್ಗೆ ಮೀನು ತರಲೆಂದು ಹೊರಟವಳು ಅಲ್ಲಿ ಸುಮ್ಮನೆ ನಿಂತುಬಿಟ್ಟೆ. ಮೂರ್ತಿ ಮಾಡುವವನು ದುರ್ಗೆಯ ಮುಖಕ್ಕೆ ಕಡೆಯ ವಾರ್ನಿಶ್ ಹಚ್ಚುತ್ತಿದ್ದ. ಇಲ್ಲಿಯ ಬಂಗಾಳಿಗಳು ಅದಕ್ಕೆ ಘಾಮ್ ತೇಲ್ ಎನ್ನುತ್ತಾರೆ, ಅಂದರೆ ಬೆವರೆಣ್ಣೆ. ಹಚ್ಚಿದ ಮೇಲೆ ದೇವಿಯ ಮುಖ ಈಗಷ್ಟೇ ಯುದ್ಧ ಮುಗಿಸಿ ಬಂದಂತೆ ಹೊಳೆಯುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಭಕ್ತಿ ಉಕ್ಕಬೇಕಿತ್ತು. ಎಲ್ಲಿಯ ಭಕ್ತಿ! ನೆನಪಾದದ್ದು ಒಂದು ಹಳೆಯ ವಿಮಾನದ ಪ್ರೊಪೆಲ್ಲರ್.

ನಗಬೇಡಿ, ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಮನೆಯ ಈಗಿನ ರಗಳೆಯೊಂದನ್ನು ಹೇಳಬೇಕು. ಉಡುಪಿಯಲ್ಲಿ ನನ್ನ ಅಣ್ಣನ ಪಕ್ಕದ ಫ್ಲ್ಯಾಟು ಖಾಲಿಯಾಗಿದೆ. ಬರುತ್ತೀರೋ ಇಲ್ಲವೋ, ಪೂಜೆಯ ಒಳಗೆ ತಿಳಿಸಿ ಎಂದು ಅಣ್ಣ ಗಡುವು ಕೊಟ್ಟಿದ್ದಾನೆ. ಇವರು, ಅಂದರೆ ನನ್ನ ಗಂಡ, ಹೋಗುವ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ನನಗೆ ಈ ಊರು ಒಗ್ಗಿಹೋಗಿದೆ. ಮಗಳು ಈ ಊರಿನದೇ ಇನ್ನೊಂದು ತುದಿಯ ಸೆಕ್ಟರ್ ಫೈವ್‌ನಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಬಂದು, ನಾನು ಕನ್ನಡದಲ್ಲಿ ಬೈದದ್ದಕ್ಕೆಲ್ಲ ಬಂಗಾಳಿಯಲ್ಲಿ ಉತ್ತರ ಕೊಟ್ಟು, ಉಂಡು ಹೋಗುತ್ತಾಳೆ. ಅವಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಆದರೆ ಇವರದು ಒಂದೇ ಪಲ್ಲವಿ: "ನಂಗೆ ಬೇಕಂತ ಅಲ್ಲ ಮಾರಾಯ್ತಿ, ನಿಂಗೋಸ್ಕರ. ನೀನು ನಂಗೋಸ್ಕರ ಒಂದು ಸಲ ಊರು ಬಿಟ್ಟುಕೊಟ್ಟವಳು." ಈ ಕಡೆಯ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಏಕೆಂದರೆ ಅದು ನಿಜವಲ್ಲ. ನಿಜ ಏನೆಂಬುದು ಆ ಪ್ರೊಪೆಲ್ಲರಿಗೂ ನನಗೂ ಗೊತ್ತು.

ನಾವು ಇಲ್ಲಿಗೆ ಬಂದಾಗ ನಾನು ಬ್ಯಾಂಕಿನಲ್ಲಿ, ಇವರು ಹೌರಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಬ್ಯಾಂಕಿನವರಿಗೆ ಹುಟ್ಟೂರೆಂದರೆ ಅರ್ಜಿ ಹಾಕಿ ಕಾಯಬೇಕಾದ ವಸ್ತು. ನಮ್ಮ ಕರಾವಳಿಯ ನಾಲ್ಕು ಮನೆಯವರು ಒಂದೆಡೆ ಸೇರಿದರೆ ನೀರುದೋಸೆ ಕಾವಲಿಯಿಂದ ಏಳುವ ಮೊದಲೇ ಟ್ರಾನ್ಸ್‌ಫರಿನ ಮಾತು ಏಳುತ್ತಿತ್ತು. ಯಾರಿಗೆ ಮಂಗಳೂರು ಸಿಕ್ಕಿತು, ಯಾರಿಗೆ ಕುಂದಾಪುರ ತಪ್ಪಿತು, ಯಾರು ಯಾರನ್ನು ಹಿಡಿದರು! ನಾನೂ ವರ್ಷ ವರ್ಷ ಉಡುಪಿ ಎಂದು ಬರೆದು ಕೊಡುತ್ತಿದ್ದೆ. ಬರೆಯದಿದ್ದರೆ ಜನ ಏನೆಂದಾರು?

ಇವರಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಇವರ ತಲೆಯೆಲ್ಲ ಆಕಾಶದಲ್ಲಿತ್ತು. ಬೆಹಾಲಾದಲ್ಲಿ ಸಣ್ಣ ವಿಮಾನಗಳ ಒಂದು ಮೈದಾನವಿದೆಯಲ್ಲ, ಅಲ್ಲಿ ಕಲಿತು ಹಾರಿಸುವ ಪರವಾನಗಿ ತೆಗೆದುಕೊಂಡಿದ್ದರು. ಅಲ್ಲೇ ಒಬ್ಬ ಮುದಿ ಡಾಕ್ಟರ್‌ಬಾಬುವಿನ ಪರಿಚಯವಾಯಿತು. ಅವರ ಹತ್ತಿರ ಅವರಷ್ಟೇ ಮುದಿಯಾದ ಎರಡು ಸೀಟಿನ ವಿಮಾನವಿತ್ತು. ಡಾಕ್ಟರಿಗೆ ಕಣ್ಣು ಮಂದವಾಗಿ ಹಾರಿಸಲು ಆಗುತ್ತಿರಲಿಲ್ಲ, ಮಾರಲು ಮನಸ್ಸು ಬರುತ್ತಿರಲಿಲ್ಲ. ನೋಡಿಕೊಳ್ಳಿ, ಹಾರಿಸಿ, ನನಗೆ ಕೆಳಗಿನಿಂದ ಅದರ ಸದ್ದು ಕೇಳಿಸಿದರೆ ಸಾಕು ಎಂದು ಇವರ ಕೈಗೆ ಒಪ್ಪಿಸಿದರು. ಹೆಣ್ಣು ಕೊಟ್ಟವರೂ ಅಷ್ಟು ಮರುಗಿರಲಿಕ್ಕಿಲ್ಲ; ನನ್ನಪ್ಪನಂತೂ ಮರುಗಲಿಲ್ಲ.

ಆ ವಿಮಾನದ ವಿಶೇಷವೆಲ್ಲ ಅದರ ಪ್ರೊಪೆಲ್ಲರಿನಲ್ಲಿತ್ತು. ಆ ಕಾಲದ ಹೆಚ್ಚಿನ ಸಣ್ಣ ವಿಮಾನಗಳಿಗೆ ಒಂದೇ ಮರದ ತುಂಡು, ಕಡೆದಿಟ್ಟದ್ದು ಕಡೆದಿಟ್ಟ ಹಾಗೆ. ಇದಕ್ಕೆ ಎರಡು ಅಲಗು ಬೇರೆ ಬೇರೆ. ಒಳಗೆ ಕೂತು ಒಂದು ಹಿಡಿಕೆ ತಿರುಗಿಸಿದರೆ ಹೊರಗೆ ಅಲಗುಗಳು ತಮ್ಮ ಓರೆ ಬದಲಿಸುತ್ತವೆ. ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಡುವಾಗ ಚಿಕ್ಕದಾಗಿ, ಬೇಗ ಬೇಗ. ದೋಣಿ ಓಟಕ್ಕೆ ಬಿದ್ದ ಮೇಲೆ ಉದ್ದಕ್ಕೆ, ನಿಧಾನವಾಗಿ. ನೆಲದಿಂದ ಏಳುವಾಗ ಅಲಗು ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಕಚ್ಚಬೇಕು, ಮೇಲೆ ಹೋದ ಮೇಲೆ ಬಾಯಿ ತುಂಬ. ಇದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. ನಾವಿಬ್ಬರು ಸಣ್ಣ ತುತ್ತು, ದೊಡ್ಡ ತುತ್ತು ಎನ್ನುತ್ತಿದ್ದೆವು.

ಕಾಫಿಬೀಜ ಪುಡಿಮಾಡುವ ಕೈಯಂತ್ರದ ಹಿಡಿಯಷ್ಟೇ ಇದ್ದ ಆ ಹಿಡಿಕೆ ಬಲಗಡೆಯ ಸೀಟಿನ ಮುಂದಿತ್ತು. ಅಲ್ಲಿ ಕೂರುತ್ತಿದ್ದವಳು ನಾನು. ಮೊದಲ ಸಲ ಹೋದಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂದು, ಇನ್ನು ಈ ಜನ್ಮಕ್ಕೆ ಬೇಡ ಎಂದಿದ್ದೆ. ಮುಂದಿನ ಭಾನುವಾರ ಇವರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವಳೂ ನಾನೇ. ಇವರು "ಸಣ್ಣ ತುತ್ತು" ಎಂದರೆ ನಾನು ಹಿಡಿಕೆಯನ್ನು ಅದು ಇನ್ನು ತಿರುಗದೆ ನಿಲ್ಲುವವರೆಗೆ ತಿರುಗಿಸಿ "ಸಣ್ಣ ತುತ್ತು ಆಯ್ತು" ಎನ್ನಬೇಕು. ನಾನು ಹಾಗೆ ಅನ್ನದೆ ಇವರು ವಿಮಾನವನ್ನು ಓಡಿಸುವಂತಿಲ್ಲ. ಇವರು ಹೇಳದೆ ನಾನು ಹಿಡಿಕೆ ಮುಟ್ಟುವಂತಿಲ್ಲ. ನಮ್ಮ ಸಂಸಾರದಲ್ಲಿ ನಾನು ಇವರ ಮಾತನ್ನು ಮರುಮಾತಿಲ್ಲದೆ ಪಾಲಿಸಿದ್ದು ಅಲ್ಲಿ ಮಾತ್ರ ಎಂದು ಇವರು ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಮಳೆಗಾಲದಲ್ಲಿ ವಿಮಾನದ ಶೆಡ್ಡು ಸೋರುತ್ತಿತ್ತು. ಮರದ ಅಲಗು ನೀರು ಕುಡಿದರೆ ತೂಕ ಹೆಚ್ಚು ಕಮ್ಮಿಯಾಗಿ, ತಿರುಗುವಾಗ ಇಡೀ ವಿಮಾನ ಜ್ವರ ಬಂದವರಂತೆ ನಡುಗುತ್ತದೆ. ಹಾಗಾಗಿ ಮೆಕ್ಯಾನಿಕ್ ಬಿಚ್ಚಿಕೊಟ್ಟ ಅಲಗುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ನಮ್ಮ ಮಂಚದ ಕೆಳಗೆ ಮಲಗಿಸುತ್ತಿದ್ದೆವು. ಗುಡಿಸಲು ಬಗ್ಗಿದರೆ ಅವು, ಪೆಟ್ಟಿಗೆ ಎಳೆದರೆ ಅವು. ಎದುರು ಮನೆಯ ಹಿರಿಯ ಹೆಂಗಸು, ಬೀದಿಗೆಲ್ಲ ಮಾಶಿಮಾ, ಒಮ್ಮೆ ನೋಡಿ, ನಿಮ್ಮ ಊರಲ್ಲಿ ಮದುವೆಗೆ ದೋಣಿಯ ಹುಟ್ಟು ಕೊಡುತ್ತಾರೆಯೇ ಎಂದು ಕೇಳಿದ್ದರು. ಪೂಜೆಗೆ ಸ್ವಲ್ಪ ಮೊದಲು ಬಿಸಿಲು ಬಿದ್ದ ದಿನ ಅವನ್ನು ಬಾಲ್ಕನಿಗೆ ತಂದು ಇವರು ವಾರ್ನಿಶ್ ಹಚ್ಚುತ್ತಿದ್ದರು. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಆಗಬಾರದು ಎಂದು ತೆಳುವಾಗಿ, ಉಸಿರು ಹಿಡಿದು. ನಾನು ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಇವರ ಕೈ ನೋಡುವುದು ನನಗೆ ಬಹಳ ಇಷ್ಟವಾಗಿತ್ತು. ಎದುರಿಗೆ ಹೇಳಲಿಲ್ಲ, ಅಷ್ಟೆ.

ಅಂಥದ್ದೇ ಒಂದು ಪೂಜೆಯ ಮುಂಚೆ ನನಗೆ ಉಡುಪಿ ಸಿಕ್ಕಿತು. ಮ್ಯಾನೇಜರು ಕರೆದು ಸಿಹಿ ಯಾವಾಗ ಎಂದು ಕೇಳಿದರು. ನಾನು ಕೂಡಲೇ ಬೇಡ ಸರ್ ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಮನೆಗೆ ಬಂದು ಇವರಿಗೆ ಹೇಳಲು ಮಾತು ಹುಡುಕುತ್ತಿರುವಾಗಲೇ, ನಮ್ಮ ಕಡೆಯವರ ಮನೆಯೊಂದರಲ್ಲಿ ಸತ್ಯನಾರಾಯಣ ಪೂಜೆಯ ಊಟಕ್ಕೆ ಕೂತಾಗ, ಪಕ್ಕದ ಎಲೆಯವರು ಇವರಿಗೆ ವಿಷಯ ಬಡಿಸಿಬಿಟ್ಟರು: ನಿಮ್ಮ ವಿಮಾನಕ್ಕಾಗಿ ಪಾಪ ಅವರು ಬಂದ ಊರನ್ನೇ ಬೇಡ ಅಂದರಂತಲ್ಲ! ಆ ಮಧ್ಯಾಹ್ನದಿಂದ ನಮ್ಮಲ್ಲಿ ಮಾತು ನಿಂತಿತು. ಇವರಿಗೆ ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ನಾನು ಗೋಡೆಯ ಪರವಾಗಿ ಉಪ್ಪು ಇಡುತ್ತಿದ್ದೆ. ನಾನಾಗಿ ಮೊದಲು ಮಾತಾಡಿದರೆ ತಪ್ಪು ನನ್ನದೆಂದು ಆಗುತ್ತದೆಂಬ ಹಟ ನನಗೆ. ಇವರಿಗೆ ಇವರದೇ ಹಟ.

ಆದರೆ ಭಾನುವಾರ ಬಂದರೆ ಹಾರಬೇಕಲ್ಲ! ಜಗಳ ಬೇರೆ, ವಿಮಾನ ಬೇರೆ. ಇಬ್ಬರೂ ಮುಖ ಊದಿಸಿಕೊಂಡು ಒಂದೇ ರಿಕ್ಷಾದಲ್ಲಿ ಹೋದೆವು, ಅಕ್ಕಪಕ್ಕ ಕೂತೆವು. ಮೆಕ್ಯಾನಿಕ್ ಅಲಗುಗಳನ್ನು ಜೋಡಿಸಿ, ಗ್ರೀಸು ತುಂಬಲೆಂದು ದೊಡ್ಡ ತುತ್ತಿಗೆ ತಿರುಗಿಸಿ ಹಾಗೆಯೇ ಬಿಟ್ಟಿದ್ದ. ಅದು ಅವನು ಯಾವಾಗಲೂ ಮಾಡುವ ಕ್ರಮ, ಹೊರಡುವ ಮುಂಚೆ ನಾವು ಸರಿಮಾಡಿಕೊಳ್ಳುತ್ತಿದ್ದೆವು. ಆ ದಿನ ಇವರು ಹೇಳಬೇಕಾದ್ದನ್ನು ಹೇಳಲಿಲ್ಲ. ಇವರು ಹೇಳದೆ ನಾನು ಏಕೆ ಮುಟ್ಟಲಿ? ಎಂಜಿನು ಪರೀಕ್ಷಿಸುವಾಗ ಅದರ ಸ್ವರ ಭಾರವಾಗಿದ್ದುದು ಇವರಿಗೆ ತಿಳಿಯಬೇಕಿತ್ತು. ಕಿವಿಯೂ ಮುನಿದಿತ್ತೋ ಏನೋ. ಓಡಿಸಿಯೇ ಬಿಟ್ಟರು.

ವಿಮಾನ ಓಡಿತು, ಓಡಿತು, ವೇಗ ಮಾತ್ರ ಏರಲಿಲ್ಲ. ಎಂಜಿನು ಏದುಸಿರು ಬಿಡುತ್ತಿತ್ತು. ಮೈದಾನದ ಕೊನೆಯ ಗೋಡೆ, ಅದರಾಚೆಯ ತೆಂಗಿನಮರಗಳು ಹತ್ತಿರ ಬರುತ್ತಿದ್ದವು. ನಾನು ಹಿಡಿಕೆ ನೋಡಿದೆ, ಇವರು ನನ್ನನ್ನು ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇವರು ಥಟ್ಟನೆ ಎಂಜಿನು ಇಳಿಸಿ ಬ್ರೇಕು ಒತ್ತಿದರು. ವಿಮಾನ ಹುಲ್ಲಿಗೆ ಇಳಿದು, ಒಂದು ಸಲ ಕುಲುಕಿ, ಗೋಡೆಗೆ ಸಾಕಷ್ಟು ಈಚೆ ನಿಂತಿತು. ಇವರು ಎಂಜಿನಿನ ಸ್ವಿಚ್ಚು ಆರಿಸಿದರು.

ಎಂಜಿನು ಪೂರ್ತಿ ನಿಂತ ಮೇಲೆ ಇವರು ಮುಂದಕ್ಕೆ ನೋಡುತ್ತಲೇ ಕೇಳಿದರು.

"ಉಡುಪಿ ಎಂತಕ್ಕೆ ಬೇಡ ಅಂದದ್ದು ನೀನು? ನನ್ನ ಈ ಮರುಳಿಗಾಗಿ ನೀನು ಊರು ಬಿಡುದು ನಂಗೆ ಬೇಡ."

ಆಗ ನನಗೆ ತಿಳಿಯಿತು ನೋಡಿ. ಅದುವರೆಗೆ ನನಗೇ ಗೊತ್ತಿರಲಿಲ್ಲ. ಮೇಲೆ ಹೋಗಿ ದೊಡ್ಡ ತುತ್ತಿಗೆ ತಿರುಗಿಸಿದಾಗ ಎಂಜಿನಿನ ಅರಚಾಟ ಇಳಿದು, ಒಂದು ತೃಪ್ತಿಯ ಗುನುಗು ಶುರುವಾಗುತ್ತದೆ. ಕೆಳಗೆ ಗಂಗೆ, ಇಟ್ಟಿಗೆ ಭಟ್ಟಿಗಳು, ಮೀನಿನ ಕೆರೆಗಳು. ಆ ಗುನುಗು ನನ್ನ ಕೈಯಿಂದ ಹುಟ್ಟಿದ್ದು. ಹುಟ್ಟಿದಲ್ಲಿಂದ ನನಗೆ ಯಾರೂ ಅಂಥದ್ದೊಂದು ಕೊಟ್ಟಿರಲಿಲ್ಲ. ಅಲ್ಲಿ ನಾನು ಯಾರ ಮಗಳೂ ಸೊಸೆಯೂ ಆಗಿರಲಿಲ್ಲ, ಸುಖವಾಗಿದ್ದೆ.

"ನಿಮಗಾಗಿ ಅಲ್ಲ ಮಾರಾಯ್ರೆ," ಎಂದೆ. "ನಂಗೆ ಇದನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ. ನಂಗೆ."

ಇವರು ನನ್ನ ತಲೆಯ ಮೇಲೆ ಕೈಯಿಟ್ಟರು. ಇವರ ಕಣ್ಣು ತುಂಬಿತ್ತು. ನಂಬಲಿಲ್ಲ. ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟು, ನನ್ನ ಮನಸ್ಸಿಗೆ ನೋವಾಗಬಾರದೆಂದು ಹೀಗೆ ಹೇಳುತ್ತಿದ್ದಾಳೆ, ಎಂಥ ಹೆಣ್ಣು ಎಂದುಕೊಂಡರು. ನಾನು ಎಷ್ಟು ಬಿಡಿಸಿ ಹೇಳಿದರೂ ಅಷ್ಟಷ್ಟು ದೊಡ್ಡ ತ್ಯಾಗಿಯಾಗುತ್ತ ಹೋದೆ. ಕಡೆಗೆ ಸುಮ್ಮನಾದೆ. ವಿಮಾನವನ್ನು ತಿರುಗಿಸಿ ತಂದು, ಸಣ್ಣ ತುತ್ತು ಎಂದು ಇವರು, ಆಯ್ತು ಎಂದು ನಾನು, ಆ ದಿನವೂ ಹಾರಿದೆವು.

ಡಾಕ್ಟರ್‌ಬಾಬು ತೀರಿಕೊಂಡ ಮೇಲೆ ಅವರ ಮಕ್ಕಳು ವಿಮಾನವನ್ನು ದೂರದ ಯಾರೋ ಸಂಗ್ರಹಕಾರರಿಗೆ ಕೊಟ್ಟರು. ಅದು ಹೋಯಿತು, ಇವರ ನಂಬಿಕೆ ಮಾತ್ರ ಹೋಗಲಿಲ್ಲ. ನನ್ನ ತ್ಯಾಗಕ್ಕೆ ಪ್ರತಿಯಾಗಿ ಇವರು ನೀರುದೋಸೆ ಹುಯ್ಯಲು ಕಲಿತರು, ನನ್ನ ಕಾಲುನೋವಿಗೆ ಎಣ್ಣೆ ತಿಕ್ಕಿದರು, ಬೈದರೆ ಬೈಸಿಕೊಂಡರು. ಸಿಗುವುದು ಸಿಗಲಿ ಎಂದು ನಾನೂ ತೆಗೆದುಕೊಂಡೆ ಅನ್ನಿ.

ಇವತ್ತು ಆ ವಾಸನೆಯ ಜೊತೆ ಇದೆಲ್ಲ ತಲೆಯಲ್ಲಿ ಸುತ್ತಿ, ಮೀನು ಮರೆತು ಬರಿಗೈಯಲ್ಲಿ ಮನೆಗೆ ಬಂದೆ. ಇವತ್ತು ಇದನ್ನು ಇತ್ಯರ್ಥ ಮಾಡಿಯೇ ಬಿಡುವುದೆಂದು ಇವರ ಎದುರು ಕೂತೆ. ನನಗೆ ಉಡುಪಿ ಅಂದೂ ಬೇಕಿರಲಿಲ್ಲ, ಇಂದೂ ಬೇಕಿಲ್ಲ ಎಂದು ಹೇಳಲು ಬಾಯಿ ತೆರೆದವಳು, ಅದೇಕೋ, ಇಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದೆ.

"ನನ್ನದು ಬಿಡಿ. ನಿಮಗೆ ಹೋಗ್ಬೇಕು ಅಂತ ಉಂಟಾ?"

ಇವರು ಪೇಪರನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಹೊರಗೆ ಮೆಟ್ರೋ ಹಾದುಹೋಯಿತು.

"ಬೀದಿಗಿಳಿದ್ರೆ ಯಾರಾದ್ರೂ ಒಬ್ರು, ಎಂತ ಮಾರಾಯ್ರೆ, ಸವಾರಿ ಎಲ್ಲಿಗೆ ಅಂತ ಕೇಳ್ಬೇಕು," ಎಂದರು. "ಸಾಯುದ್ರೊಳಗೆ ಸ್ವಲ್ಪ ದಿನವಾದ್ರೂ. ನೀನು ನಂಗೋಸ್ಕರ ಅಷ್ಟು ಬಿಟ್ಟವಳು, ಮತ್ತೆ ನಂಗೋಸ್ಕರ ಬಾ ಅಂತ ಯಾವ ಬಾಯಲ್ಲಿ ಹೇಳುದು? ಹಾಗೆ ನಿನ್ನ ಹೆಸರು ಹೇಳಿದೆ."

ಅಯ್ಯೋ ದೇವರೇ, ಈ ಮನುಷ್ಯ ಎಷ್ಟು ವರ್ಷದಿಂದ ಈ ಆಸೆಯನ್ನು ನುಂಗಿಕೊಂಡು ಕೂತಿದ್ದಾರೆ! ಮಗಳ ಮುಖ ಕಣ್ಣ ಮುಂದೆ ಬಂತು, ಈ ಬಾಲ್ಕನಿ ಬಂತು, ಎದುರು ಮನೆ ಬಂತು. ಎದ್ದು ಹೋಗಿ ಅಣ್ಣನಿಗೆ ಫೋನು ಮಾಡಿದೆ. ನಾವು ಬರ್ತೇವೆ, ಫ್ಲ್ಯಾಟನ್ನು ಬೇರೆಯವರಿಗೆ ಕೊಡುವುದು ಬೇಡ ಎಂದೆ.

ಫೋನು ಇಡುವಾಗ ಇವರು ಹಿಂದೆ ಬಂದು ನಿಂತಿದ್ದರು. ನಿನಗೂ ಖುಷಿಯೇ ತಾನೆ ಎಂದು ಹೆದರಿ ಹೆದರಿ ಕೇಳಿದರು. ಹೂಂ, ನಂಗೂ ಊರು ಬೇಕಾಗಿತ್ತು ಎಂದೆ. ಅಂದು ವಿಮಾನದಲ್ಲಿ ಕೂತು ನಿಜ ಹೇಳಿದರೆ ನಂಬದ ಮನುಷ್ಯ, ಇವತ್ತು ಈ ಸುಳ್ಳನ್ನು ಒಂದೇ ಮಾತಿಗೆ ನಂಬಿದರು.